ಕರಾವಳಿಯಲ್ಲಿ ಲೇತ್ ಶೆಡ್‌ಗೆ ದುಡ್ಡು ಹಾಕುವವರಿಗೆ: ಮೊದಲ ಲೆಕ್ಕದಿಂದ ಮೊದಲ ಜಾಬ್‌ವರೆಗೆ

ಪ್ರತಿ ವರ್ಷ ಏಪ್ರಿಲ್, ಮೇ ಬಂತೆಂದರೆ ನನಗೆ ಎರಡು ಮೂರು ಫೋನ್ ಬರುವುದು ಗ್ಯಾರಂಟಿ. ಗಲ್ಫ್‌ನಿಂದ ರಜೆಗೆ ಬಂದವರು, ಇಲ್ಲವೇ ಬ್ಯಾಂಕಿನಿಂದ ವಿಆರ್‌ಎಸ್ ತಗೊಂಡವರು. "ಕೈಯಲ್ಲಿ 25 ಲಕ್ಷ ಉಂಟು ಮಾರಾಯ್ರೆ. ಒಂದು ಸಿಎನ್‌ಸಿ ಹಾಕಿದ್ರೆ ಹೇಗೆ?" (ಲೇತ್ ಅಂದರೆ ಲೋಹದ ತುಂಡನ್ನು ತಿರುಗಿಸುತ್ತಾ ಕೊರೆಯುವ ಯಂತ್ರ, ಸಿಎನ್‌ಸಿ ಅಂದರೆ ಕಂಪ್ಯೂಟರ್ ಹೇಳಿದಂತೆ ಓಡುವ ಯಂತ್ರ.) ನಾನು ತಿರುಗಿ ಕೇಳುವುದು ಒಂದೇ: "ಯಾರ ಕೆಲಸ ಮಾಡ್ತೀರಿ?" ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಷಿನ್ ಇದ್ರೆ ಕೆಲಸ ಬರ್ತದಲ್ವಾ?"

ಬರುವುದಿಲ್ಲ. ನಾನೂ ಹಾಗೇ ಅಂದುಕೊಂಡು ಮಂಗಳೂರಿನ ಬೈಕಂಪಾಡಿಯಲ್ಲಿ ಶೆಡ್ ಹಾಕಿದವನು. ಮೊದಲ ಎರಡು ವರ್ಷ ದುಡ್ಡು ಕಳೆದುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶೇರು ಕೊಳ್ಳುವವರಿಗೆ ಇದರಲ್ಲಿ ಏನೂ ಇಲ್ಲ. ಯಂತ್ರ ಮಾಡುವ ಕಂಪನಿಯ ಶೇರೇ ಬೇಕಿದ್ದರೆ ಕೊಯಮತ್ತೂರಿನ ಎಲ್‌ಎಂಡಬ್ಲ್ಯೂ ಉಂಟು, 2024ರ ಜನವರಿಯಲ್ಲಿ ಮಾರುಕಟ್ಟೆಗೆ ಬಂದ ರಾಜಕೋಟ್‌ನ ಜ್ಯೋತಿ ಸಿಎನ್‌ಸಿ ಉಂಟು. ಅದಕ್ಕೆ ಡಿಮ್ಯಾಟ್ ಖಾತೆ ಸಾಕು, ಕೈಗೆ ಗ್ರೀಸ್ ಹತ್ತುವುದಿಲ್ಲ. 15ರಿಂದ 50 ಲಕ್ಷದೊಳಗೆ ಸ್ವಂತ ಶೆಡ್ ಹಾಕುವವರಿಗೆ, ಅಥವಾ ನಡೆಯುತ್ತಿರುವ ಶೆಡ್‌ಗೆ ಪಾಲುದಾರರಾಗುವವರಿಗೆ ಮಾತ್ರ ಈ ಬರಹ.

ಹೆಜ್ಜೆ 1: ಒಂದು ತಿಂಗಳು ಸುಮ್ನೆ ತಿರುಗಾಡಿ

ಮಷಿನ್ ಡೀಲರ್ ಹತ್ತಿರ ಈಗಲೇ ಹೋಗಬೇಡಿ. ಒಂದು ನೋಟ್‌ಬುಕ್ ಹಿಡಿದು ಊರು ಸುತ್ತಿ. ಹೋದಲ್ಲೆಲ್ಲ ಮೂರು ಪ್ರಶ್ನೆ ಕೇಳಿ. ಕಳೆದ ಸಲ ಏನು ಮುರಿಯಿತು? ರಿಪೇರಿಗೆ ಎಲ್ಲಿಗೆ ಕಳಿಸಿದಿರಿ? ಎಷ್ಟು ದಿನ ಕಾದಿರಿ? ನಿಮ್ಮ ಲಾಭ ಇರುವುದು ಮೂರನೇ ಉತ್ತರದಲ್ಲಿ.

ಒಂದೇ ಥರದ ಹತ್ತು ಸಾವಿರ ಪೀಸ್ ಮಾಡುವ ಕೆಲಸದಲ್ಲಿ ನಾವು ಕೊಯಮತ್ತೂರು, ರಾಜಕೋಟ್, ಪೀಣ್ಯದವರ ಜೊತೆ ರೇಟಿನಲ್ಲಿ ನಿಲ್ಲುವುದು ಕಷ್ಟ. ಅಲ್ಲಿ ಎರಕ, ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್ ಎಲ್ಲ ಪಕ್ಕದ ಬೀದಿಯಲ್ಲೇ ಸಿಗುತ್ತದೆ. ಆದರೆ ಮಲ್ಪೆಯಲ್ಲಿ ನಿಂತ ಬೋಟ್ ಕೊಯಮತ್ತೂರಿಗೆ ಹೋಗುವುದಿಲ್ಲ. ಪಣಂಬೂರಿನ ಪ್ಲಾಂಟ್‌ನಲ್ಲಿ ಪಂಪ್ ಕೆಟ್ಟು ನಿಂತರೆ ಅವರು ಒಂದು ವಾರ ಕಾಯುವುದಿಲ್ಲ. ಹತ್ತಿರ ಇದ್ದೇವೆ ಅನ್ನುವುದೇ ನಮ್ಮ ದೊಡ್ಡ ಬಂಡವಾಳ. ಮುಂದೆ ಬರೆದದ್ದೆಲ್ಲ ಈ ಮಾತಿನ ಮೇಲೇ ನಿಂತಿದೆ.

ಎಲ್ಲೆಲ್ಲಿ ತಿರುಗಬೇಕು? ಮೊದಲು ಧಕ್ಕೆ, ಅಂದರೆ ಮೀನುಗಾರಿಕೆ ಬಂದರು, ಮಂಗಳೂರಿನದ್ದೂ ಮಲ್ಪೆಯದ್ದೂ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ಶಾಫ್ಟ್, ಬುಷ್, ವಿಂಚ್, ಪ್ರೊಪೆಲ್ಲರ್, ಎಲ್ಲದರ ರಿಪೇರಿ ಈ 2 ತಿಂಗಳಲ್ಲೇ ಮುಗಿಯಬೇಕು. ಮಲ್ಪೆಯಲ್ಲೇ ಹಡಗು ಕಟ್ಟುವ ಯಾರ್ಡೂ ಉಂಟು. 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ತೆಗೆದುಕೊಂಡ ಮೇಲೆ ಅದು ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಆಯಿತು. ನಾರ್ವೆಯ ವಿಲ್ಸನ್ ಕಂಪನಿಗೆ 3,800 ಟನ್ ಸಾಮರ್ಥ್ಯದ ಹಡಗು ಕಟ್ಟುವ ಆರ್ಡರ್ ಅದಕ್ಕೆ 2023ರಲ್ಲಿ ಬಂತು. ಇಂಥ ಯಾರ್ಡ್‌ಗೆ ಮೊದಲ ದಿನವೇ ನೇರ ನುಗ್ಗುವುದು ಸುಲಭವಲ್ಲ. ಅವರ ಕಾಂಟ್ರಾಕ್ಟರ್ ಯಾರೆಂದು ತಿಳಿದುಕೊಂಡು ಅವರಿಂದ ಬ್ರಾಕೆಟ್, ಪೈಪ್ ಸಪೋರ್ಟ್ ಥರದ ಸಣ್ಣ ಕೆಲಸ ತಗೊಳ್ಳಬಹುದು.

ಎರಡನೆಯದು ದೊಡ್ಡ ಪ್ಲಾಂಟ್‌ಗಳು. ತೈಲ ಶುದ್ಧೀಕರಿಸುವ ಎಂಆರ್‌ಪಿಎಲ್, ರಸಗೊಬ್ಬರದ ಎಂಸಿಎಫ್, ಕೆಐಒಸಿಎಲ್‌ನ ಪೆಲೆಟ್ (ಕಬ್ಬಿಣದ ಅದಿರಿನ ಉಂಡೆ) ಪ್ಲಾಂಟ್, ಬಂದರು, ಎಲ್ಲ ಬೈಕಂಪಾಡಿಯ ಸುತ್ತಮುತ್ತಲೇ. ಇಲ್ಲಿ ಶಟ್‌ಡೌನ್ ಕೆಲಸ, ಅಂದರೆ ಪ್ಲಾಂಟ್ ನಿಲ್ಲಿಸಿ ಮಾಡುವ ರಿಪೇರಿ, ನಮಗೆ ಹಬ್ಬ. ಆದರೆ ಗೇಟ್ ಪಾಸ್, ಪಿಎಫ್, ಇಎಸ್‌ಐ, ಟೆಸ್ಟ್ ಪಾಸಾದ ವೆಲ್ಡರ್, ಸೇಫ್ಟಿ ಟ್ರೈನಿಂಗ್, ಇಷ್ಟೂ ಇಲ್ಲದೆ ಒಳಗೆ ಬಿಡುವುದಿಲ್ಲ.

ಮೂರನೆಯದು ತೋಟ ಮತ್ತು ಗೇರುಬೀಜ. ಪುತ್ತೂರು, ಸುಳ್ಯ, ಬೆಳ್ತಂಗಡಿ ಕಡೆ ಅಡಿಕೆ ಸುಲಿಯುವ ಮಷಿನ್, ರಬ್ಬರ್ ಶೀಟ್ ಒತ್ತುವ ರೋಲರ್. ಕಾರ್ಕಳ, ಕುಂದಾಪುರ ಕಡೆ ಗೇರುಬೀಜದ ಬಾಯ್ಲರ್, ತಿರುಳು ಒಣಗಿಸುವ ಬೋರ್ಮಾ, ಕಟಿಂಗ್ ಮಷಿನ್. ನಾಲ್ಕನೆಯದನ್ನು ಜನ ಮರೆತೇ ಬಿಡುತ್ತಾರೆ: ಹೋಟೆಲ್ ಅಡುಗೆಮನೆ. ಉಡುಪಿ ಹೋಟೆಲ್ ಇಲ್ಲದ ಊರು ಯಾವುದು ಹೇಳಿ? ದೋಸೆ ಕಾವಲಿ, ಇಡ್ಲಿ ಸ್ಟೀಮ್ ಬಾಕ್ಸ್, ಸ್ಟೇನ್‌ಲೆಸ್ ಟೇಬಲ್, ಸಿಂಕ್. ಇದಕ್ಕೆ ಲೇತ್ ಬೇಡ. ಒಳ್ಳೆಯ ಟಿಗ್ ವೆಲ್ಡಿಂಗ್ ಸೆಟ್, ಶೀಟ್ ಬಗ್ಗಿಸುವ ಮಷಿನ್, ಫಿನಿಶಿಂಗ್ ಗೊತ್ತಿರುವ ಒಬ್ಬ ಹುಡುಗ ಸಾಕು. ಕಮ್ಮಿ ಬಂಡವಾಳದವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಹೆಜ್ಜೆ 2: ಗಂಟೆಯ ಲೆಕ್ಕ

ಡೀಲರ್ ಕೊಡುವ ಕಾಗದದಲ್ಲಿ ಮಷಿನ್ ದಿನಕ್ಕೆ 16 ಗಂಟೆ ಓಡುತ್ತದೆ. ನಮ್ಮ ಶೆಡ್‌ನಲ್ಲಿ ಎಷ್ಟು ಓಡುತ್ತದೆ ಅನ್ನುವುದು ಬೇರೆ ಕಥೆ. ಒಂದು ಉದಾಹರಣೆ ಹಾಕಿ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ನಿಮ್ಮದನ್ನು ನೀವು ಹಾಕಿಕೊಳ್ಳಿ.

ಸಣ್ಣ ಸಿಎನ್‌ಸಿ ಲೇತ್ 22 ಲಕ್ಷ. ಟೂಲ್, ಕಂಪ್ರೆಸರ್, ಸ್ಟೆಬಿಲೈಸರ್, ಅಳತೆ ಸಾಮಾನು 3 ಲಕ್ಷ. ಒಟ್ಟು 25 ಲಕ್ಷ. 8 ವರ್ಷಕ್ಕೆ ಹಂಚಿದರೆ ತಿಂಗಳಿಗೆ ಸುಮಾರು 26,000. ಸಾಲದ ಬಡ್ಡಿ 16,500. ನೀವು ಕೈಯಿಂದ ಹಾಕಿದ ದುಡ್ಡಿಗೆ ಎಫ್‌ಡಿ ಲೆಕ್ಕದಲ್ಲಾದರೂ 3,500 ಹಾಕಿ. ತುಂಬಾ ಜನ ಇದನ್ನು ಬಿಡುತ್ತಾರೆ. ಬಾಡಿಗೆ 15,000, ಮೇಂಟೆನೆನ್ಸ್ 5,500. ಇಲ್ಲಿಗೆ 66,500 ಆಯಿತು. ಮಷಿನ್ ಓಡಲಿ ಬಿಡಲಿ, ಇದು ಹೋಗುತ್ತದೆ. ಇನ್ನು ಆಪರೇಟರ್ 25,000. ಕರೆಂಟು, ಇನ್ಸರ್ಟ್ (ಟೂಲಿನ ಕತ್ತರಿಸುವ ತುದಿ), ಕೂಲೆಂಟ್ (ತಣಿಸುವ ದ್ರವ) ಸೇರಿ ಓಡುವ ಗಂಟೆಗೆ ಸುಮಾರು 160 ರೂಪಾಯಿ.

ಒಂದು ಶಿಫ್ಟ್, ತಿಂಗಳಿಗೆ 200 ಗಂಟೆ. ಸೆಟ್ಟಿಂಗ್, ಮಾಲು ಬರಲಿಲ್ಲ, ಕರೆಂಟು ಹೋಯಿತು, ಊರಿನಲ್ಲಿ ಕೋಲ ಅಂತ ಆಪರೇಟರ್ ಬರಲಿಲ್ಲ. ಇದನ್ನೆಲ್ಲ ಕಳೆದು 120 ಗಂಟೆ ನಿಜವಾಗಿ ಓಡಿತು ಅನ್ನಿ. ಖರ್ಚು ಸುಮಾರು 1,10,700. ಗಂಟೆಗೆ 920 ರೂಪಾಯಿ ಬಿತ್ತು. ಎರಡು ಶಿಫ್ಟ್ ಮಾಡಿ 300 ಗಂಟೆ ಓಡಿಸಿದರೆ? ಇಬ್ಬರು ಆಪರೇಟರ್ ಸೇರಿ ಖರ್ಚು 1,64,500, ಗಂಟೆಗೆ ಸುಮಾರು 550. ಅದೇ ಮಷಿನ್, ಅದೇ ಸಾಲ. ಕಂಪನಿ ಗಂಟೆಗೆ 600 ಕೊಡುತ್ತೇನೆ ಅಂದರೆ ಮೊದಲಿನವನು ಪ್ರತಿ ಗಂಟೆಗೆ 320 ಕೈಯಿಂದ ಹಾಕುತ್ತಾನೆ. ಎರಡನೆಯವನು 50 ಉಳಿಸಿ ತಿಂಗಳಿಗೆ 15,000 ನೋಡುತ್ತಾನೆ. ಇದರಲ್ಲಿ ನಿಮ್ಮ ಸಂಬಳ ಇನ್ನೂ ಸೇರಿಲ್ಲ, ನೆನಪಿರಲಿ.

ಹಾಗಾಗಿ 300 ಗಂಟೆಯ ಕೆಲಸ ಬರೆದುಕೊಟ್ಟವರು ಇಲ್ಲದಿದ್ದರೆ ಹೊಸ ಸಿಎನ್‌ಸಿ ಬೇಡ. ಇದು ನನ್ನ ಅಭಿಪ್ರಾಯ, ಒಪ್ಪದವರೂ ಇದ್ದಾರೆ.

ಹೆಜ್ಜೆ 3: ಒಂದು ಶಾಫ್ಟ್ ನೋಡಿ

ರಿಪೇರಿ ಕೆಲಸದ ಲೆಕ್ಕ ಬೇರೆ. ಜುಲೈ ಕೊನೆಯ ವಾರ. ಬೋಟಿನ ಪ್ರೊಪೆಲ್ಲರ್ ಶಾಫ್ಟ್ ತೇದಿದೆ. 60 ಮಿಲಿಮೀಟರ್ ದಪ್ಪ, ಮೂರೂವರೆ ಮೀಟರ್ ಉದ್ದ. ಮಾಲಿನ ತೂಕ ಹೇಳಲಿಕ್ಕೆ ಶೆಡ್‌ನವರಿಗೆ ಒಂದು ಸೂತ್ರ ಬಾಯಿಪಾಠ: ಮಿಲಿಮೀಟರ್‌ನಲ್ಲಿ ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರ್ ಸರಳಿನ ಕಿಲೋ ತೂಕ. 60ಕ್ಕೆ 22.2. ಮೂರೂವರೆ ಮೀಟರಿಗೆ 78 ಕಿಲೋ ಹತ್ತಿರ. ಸ್ಟೇನ್‌ಲೆಸ್ ಆದರೆ ಸ್ವಲ್ಪ ಜಾಸ್ತಿ. ಈ ಸೂತ್ರ ಗೊತ್ತಿಲ್ಲದೆ ಕೊಟೇಶನ್ ಕೊಡಲು ಕೂತರೆ ಮಾಲಿನಲ್ಲೇ ಮುಳುಗುತ್ತೀರಿ.

ಶಾಫ್ಟಿನ ತುದಿಯಲ್ಲಿ ಟೇಪರ್ ಹೊಡೆಯಬೇಕು, ಅಂದರೆ ತುದಿಗೆ ಹೋದಂತೆ ಸಪೂರ ಮಾಡಬೇಕು. ಪ್ರೊಪೆಲ್ಲರ್ ಒಳಗಿನ ಟೇಪರ್‌ಗೆ ಅದು ಸರಿಯಾಗಿ ಕೂರಬೇಕು. ನಮ್ಮ ಹಳೆಯ ಮೇಸ್ತ್ರಿ ಶಾಫ್ಟಿಗೆ ತೆಳ್ಳಗೆ ನೀಲಿ ಪೇಸ್ಟ್ ಹಚ್ಚಿ, ಪ್ರೊಪೆಲ್ಲರ್ ತೂರಿಸಿ, ಸ್ವಲ್ಪ ತಿರುಗಿಸಿ ಹೊರಗೆ ತೆಗೆಯುತ್ತಾರೆ. ನೀಲಿ ಎಲ್ಲ ಕಡೆ ಸಮನಾಗಿ ಅಂಟಿದ್ದರೆ ಸರಿ. ಬರೀ ಒಂದು ಬದಿಗೆ, ಉಂಗುರದಂತೆ ಅಂಟಿದ್ದರೆ ಆ ಜಾಗ ಮಾತ್ರ ಭಾರ ಹೊರುತ್ತದೆ, ಸಮುದ್ರದಲ್ಲಿ ಸಡಿಲವಾಗುತ್ತದೆ. ಮತ್ತೆ ಕೂದಲೆಳೆಯಷ್ಟು ತೆಗೆಯುತ್ತಾರೆ, ಮತ್ತೆ ನೀಲಿ. ಮೂರು ನಾಲ್ಕು ಸಲ. ಆಮೇಲೆ ಕೀವೇ, ಅಂದರೆ ಪ್ರೊಪೆಲ್ಲರ್ ಜಾರದಂತೆ ಹಿಡಿಯುವ ಕೀ ಕೂರುವ ಗಾಡಿ.

ಆಗಸ್ಟ್ 1ಕ್ಕೆ ಬೋಟ್ ಹೊರಡಬೇಕು. ಮಾಲೀಕರು ಗಂಟೆಗೆ ಎಷ್ಟು ಅಂತ ಕೇಳುವುದಿಲ್ಲ, "ಯಾವತ್ತು ಕೊಡ್ತೀರಿ?" ಅಂತ ಕೇಳುತ್ತಾರೆ. ಈ ಕೆಲಸಕ್ಕೆ ಬೇಕಾದದ್ದು ಉದ್ದ ಬೆಡ್‌ನ (ಲೇತಿನ ಉದ್ದಕ್ಕೂ ಇರುವ ಹಳಿ) ಹಳೇ ಲೇತ್. ಅದರ ಬೆಲೆ ಹೊಸ ಸಿಎನ್‌ಸಿಗಿಂತ ತುಂಬಾ ಕಮ್ಮಿ. ಆದರೆ ಉಳಿದ 10 ತಿಂಗಳು ಏನು ಮಾಡುವುದು ಅನ್ನುವುದಕ್ಕೂ ಉತ್ತರ ಬೇಕು. ಗೇರುಬೀಜ, ರಬ್ಬರ್ ರೋಲರ್, ಪ್ಲಾಂಟ್ ಪಂಪ್‌ನ ಸ್ಲೀವ್, ಇವು ಮೂರೂ ಸೇರಿದರೆ ವರ್ಷ ತುಂಬುತ್ತದೆ.

ಹೆಜ್ಜೆ 4: ಹಳೇ ಮಷಿನ್ ಕೊಳ್ಳುವಾಗ

ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಹೊರ ಜಿಲ್ಲೆಯ ಒಬ್ಬ ಡೀಲರ್ ಹತ್ತಿರ ಲೇತ್ ನೋಡಿದೆ. ಹೊಸ ಹಸಿರು ಪೇಂಟ್, ಹ್ಯಾಂಡಲ್ ಎಲ್ಲ ಫಳಫಳ. ಖುಷಿಯಲ್ಲಿ ಅಡ್ವಾನ್ಸ್ ಕೊಟ್ಟೆ. ಶೆಡ್‌ಗೆ ತಂದು ಮೊದಲ ಸರಳು ಹೊಡೆದಾಗ ಒಂದು ತುದಿಗೂ ಇನ್ನೊಂದು ತುದಿಗೂ 0.12 ಮಿಲಿಮೀಟರ್ ವ್ಯತ್ಯಾಸ. ಬೇರಿಂಗ್ ಕೂರಿಸುವ ಕೆಲಸಕ್ಕೆ ಅದು ಸತ್ತ ಮಷಿನ್. ಬೆಡ್ ಗ್ರೈಂಡಿಂಗ್‌ಗೆ ಕಳಿಸಿ, ಸಾಗಾಟ ಸೇರಿ, ಉಳಿಸಿದ ದುಡ್ಡೆಲ್ಲ ಹೋಯಿತು. ಈಗ ನಾನು ಹೀಗೆ ನೋಡುತ್ತೇನೆ.

ಪೇಂಟ್ ನೋಡುವುದೇ ಇಲ್ಲ. ಬೆಡ್ ಒರೆಸಿ, ಸರಳನ್ನು ಹಿಡಿದು ತಿರುಗಿಸುವ ಚಕ್ ಹತ್ತಿರದ ಭಾಗದಲ್ಲಿ ಉಗುರು ಆಡಿಸುತ್ತೇನೆ. ಸಣ್ಣ ಜಾಬ್‌ಗಳೆಲ್ಲ ಅಲ್ಲೇ ನಡೆಯುವುದರಿಂದ ಸವೆತವೂ ಅಲ್ಲೇ ಜಾಸ್ತಿ. ಆಮೇಲೆ ಬೆಡ್ ಮೇಲೆ ಟೂಲ್ ಹೊತ್ತು ಜಾರುವ ಸ್ಯಾಡಲ್ ಅನ್ನು ಚಕ್ ಹತ್ತಿರ ತಂದು, ಅಲುಗಾಡದಂತೆ ಬಿಗಿ ಮಾಡಿ, ಇನ್ನೊಂದು ತುದಿಯ ಟೈಲ್‌ಸ್ಟಾಕ್ ಕಡೆಗೆ ಕೈಯಲ್ಲೇ ಓಡಿಸುತ್ತೇನೆ. ಮಧ್ಯದಲ್ಲಿ ಸಿಕ್ಕಿಕೊಂಡರೆ ಚಕ್ ಕಡೆ ಬೆಡ್ ಸವೆದಿದೆ ಅಂತಲೇ ಅರ್ಥ. ಇದಕ್ಕೆ ಯಾವ ಮೀಟರೂ ಬೇಡ, ಎರಡು ನಿಮಿಷದ ಕೆಲಸ.

ಚಕ್ ಬಿಚ್ಚಿಸಿ ಸ್ಪಿಂಡಲ್ ಬಾಯಿಗೆ ಡಯಲ್ ಗೇಜ್ ಇಡಿ. ಕೈಯಲ್ಲಿ ತಿರುಗಿಸಿದಾಗ ಮುಳ್ಳು 0.02 ಮಿಲಿಮೀಟರ್‌ಗಿಂತ ಜಾಸ್ತಿ ಆಡಿದರೆ ಬೇರಿಂಗ್ ಹೇಗಿದೆ ಅಂತ ಕೇಳಿ. ಎಲ್ಲ ಸ್ಪೀಡ್‌ನಲ್ಲೂ ಗೇರ್ ಹಾಕಿ ಓಡಿಸಿ, ಒಂದೇ ಸ್ಪೀಡ್‌ನಲ್ಲಿ ತೋರಿಸಿ ನಿಲ್ಲಿಸಿದರೆ ಅನುಮಾನ ಪಡಿ. ಕೊನೆಗೆ 50 ಮಿಲಿಮೀಟರ್ ಸರಳು ಕಟ್ಟಿ, 200 ಮಿಲಿಮೀಟರ್ ಉದ್ದಕ್ಕೆ ತೆಳ್ಳಗೆ ಒಂದು ಕಟ್ ಹೊಡೆಸಿ, ಎರಡೂ ತುದಿ ಮೈಕ್ರೋಮೀಟರ್‌ನಲ್ಲಿ ಅಳೆಯಿರಿ. ಮೈಕ್ರೋಮೀಟರ್ ನಿಮ್ಮದೇ ಇರಲಿ.

ಹಳೇ ಸಿಎನ್‌ಸಿ ಆದರೆ ಇನ್ನೂ ಎರಡು. ಕಂಟ್ರೋಲರ್ ಮಾಡೆಲ್‌ಗೆ ಈಗಲೂ ಬೋರ್ಡ್ ಸಿಗುತ್ತದಾ ಅಂತ ಬೇರೆಯವರಲ್ಲಿ ವಿಚಾರಿಸಿ. ಬ್ಯಾಟರಿ ಸತ್ತು ಪ್ಯಾರಾಮೀಟರ್ ಅಳಿಸಿಹೋದ ಮಷಿನ್ ಬರೀ ಕಬ್ಬಿಣದ ಗುಡ್ಡೆ. ಇನ್ನು ಅಕ್ಷವನ್ನು 0.1 ಮಿಲಿಮೀಟರ್ ಮುಂದೆ ಕಳಿಸಿ ವಾಪಸು ತರಿಸಿ, ಡಯಲ್ ಗೇಜ್ ಅಷ್ಟೇ ತೋರಿಸುತ್ತದಾ ನೋಡಿ. ಬಾಲ್ ಸ್ಕ್ರೂ ಸವೆದದ್ದು ಅಲ್ಲಿ ಗೊತ್ತಾಗುತ್ತದೆ. ಮಷಿನ್ ತಣ್ಣಗಿರುವಾಗ ಒಮ್ಮೆ, ಒಂದು ಗಂಟೆ ಓಡಿದ ಮೇಲೆ ಇನ್ನೊಮ್ಮೆ.

ಹೆಜ್ಜೆ 5: ಜಾಗ, ಮಳೆ, ತುಕ್ಕು

ಬೈಕಂಪಾಡಿ, ಯೆಯ್ಯಾಡಿ, ಗಂಜಿಮಠ, ಮೂಲ್ಕಿಯ ಕಾರ್ನಾಡು, ಮಣಿಪಾಲದ ಶಿವಳ್ಳಿ, ನಂದಿಕೂರು. ಕೈಗಾರಿಕಾ ಜಾಗ ಹುಡುಕುವವರು ಸುತ್ತುವುದು ಹೆಚ್ಚಾಗಿ ಇಲ್ಲೇ. ಬಾಡಿಗೆಗೆ ತಗೊಳ್ಳುವುದಾದರೆ ಮಾಲೀಕರ ಹಂಚಿಕೆ ಪತ್ರ ನೋಡಿ. ಕೆಐಎಡಿಬಿ (ಸರ್ಕಾರದ ಕೈಗಾರಿಕಾ ಪ್ರದೇಶ ಮಂಡಳಿ) ಪ್ಲಾಟ್ ಆದರೆ ಬಾಡಿಗೆಗೆ ಕೊಡಲು ಅನುಮತಿ ಉಂಟಾ ಕೇಳಿ. ಪ್ಲೇಟಿಂಗ್, ಗ್ಯಾಲ್ವನೈಸಿಂಗ್ ಆಸೆ ಇದ್ದರೆ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ಅದು ಕೆಂಪು ಪಟ್ಟಿಯ ಉದ್ಯಮ. ಹೊಸಬರು ಅದಕ್ಕೆ ಕೈ ಹಾಕಬೇಡಿ, ಹೊರಗೆ ಮಾಡಿಸಿ.

ಶೆಡ್ ನೋಡಲು ಫೆಬ್ರವರಿಯಲ್ಲಿ ಹೋದರೆ ಎಲ್ಲ ಚಂದ. ಗೋಡೆಯ ಕೆಳಗಿನ ಒಂದಡಿಯಲ್ಲಿ ಮಳೆಗಾಲದ ನೀರು ನಿಂತ ಗೆರೆ ಹುಡುಕಿ. ಇನ್ನು ತುಕ್ಕು. ಒಂದು ಜೂನ್‌ನಲ್ಲಿ ಫಿನಿಶ್ ಆದ ಫ್ಲೇಂಜ್‌ಗಳನ್ನು ರಾತ್ರಿ ಎಣ್ಣೆ ಹಚ್ಚದೆ ಟೇಬಲ್ ಮೇಲೆ ಬಿಟ್ಟು ಹೋಗಿದ್ದೆವು. ಬೆಳಗ್ಗೆ ಬಂದು ನೋಡಿದರೆ ಹುಡುಗನ ಐದು ಬೆರಳಿನ ಗುರುತು ಒಂದೊಂದರ ಮೇಲೂ ಕೆಂಪಗೆ ಮೂಡಿತ್ತು. ಬೆವರಿನ ಉಪ್ಪು, ಗಾಳಿಯ ಉಪ್ಪು, ಜೊತೆಗೆ ಮಳೆ. ಎಲ್ಲ ಮತ್ತೆ ಪಾಲಿಶ್. ತುಕ್ಕು ತಡೆಯುವ ಎಣ್ಣೆ, ಕೈಗವಸು, ಸುತ್ತುವ ಕಾಗದ, ಇವನ್ನು ಖರ್ಚಿನ ಪಟ್ಟಿಯಲ್ಲಿ ಬರೆದೇ ಇಡಿ. ಬಯಲುಸೀಮೆಯವರ ಪ್ರಾಜೆಕ್ಟ್ ರಿಪೋರ್ಟ್ ನಕಲು ಮಾಡಿದರೆ ಈ ಸಾಲು ಅದರಲ್ಲಿ ಇರುವುದಿಲ್ಲ.

ಹೆಜ್ಜೆ 6: ಸಾಲ ಮತ್ತು ಪಾಲುದಾರಿಕೆ

ಮೊದಲು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ. ಆನ್‌ಲೈನ್, ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟ್ ಸರ್ಕಾರದ್ದಲ್ಲ. 2025ರ ಏಪ್ರಿಲ್‌ನಿಂದ ಯಂತ್ರಕ್ಕೆ 2.5 ಕೋಟಿಯವರೆಗೆ ಬಂಡವಾಳ, 10 ಕೋಟಿಯವರೆಗೆ ವಹಿವಾಟು ಇದ್ದರೆ ಅದು ಸೂಕ್ಷ್ಮ ಉದ್ಯಮ. ನಾವೆಲ್ಲ ಅದರೊಳಗೇ ಬರುತ್ತೇವೆ.

ಹೊಸ ಘಟಕಕ್ಕೆ ಪಿಎಂಇಜಿಪಿ ಅನ್ನುವ ಕೇಂದ್ರದ ಸಬ್ಸಿಡಿ ಸಾಲ ಯೋಜನೆ ಉಂಟು, ತಯಾರಿಕೆಗೆ 50 ಲಕ್ಷದ ಪ್ರಾಜೆಕ್ಟ್‌ವರೆಗೆ. ಸಾಮಾನ್ಯ ವರ್ಗಕ್ಕೆ ನಗರದಲ್ಲಿ ಶೇ 15, ಗ್ರಾಮೀಣ ಭಾಗದಲ್ಲಿ ಶೇ 25 ಸಬ್ಸಿಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡ ಮೊದಲಾದವರಿಗೆ ಶೇ 25 ಮತ್ತು 35. ಬೈಕಂಪಾಡಿ ಮಂಗಳೂರು ಪಾಲಿಕೆಯೊಳಗೆ ಬರುತ್ತದೆ, ಪಂಚಾಯತ್ ವ್ಯಾಪ್ತಿಯ ಜಾಗ ಬೇರೆ. 40 ಲಕ್ಷದ ಪ್ರಾಜೆಕ್ಟ್‌ಗೆ ಇದೊಂದೇ 4 ಲಕ್ಷದ ವ್ಯತ್ಯಾಸ. ಆದರೆ ಸಬ್ಸಿಡಿ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲಿ 3 ವರ್ಷ ಠೇವಣಿಯಾಗಿ ಕೂರುತ್ತದೆ, ಘಟಕ ನಡೆಯುತ್ತಿದ್ದರೆ ಸಾಲಕ್ಕೆ ಹೊಂದಿಸುತ್ತಾರೆ. ಶೆಡ್ ಹಾಕಿ ಮಷಿನ್ ಕೂರಿಸಿದ ಮೇಲೆ ಅರ್ಜಿ ಹಾಕಿದರೆ ಆಗುವುದಿಲ್ಲ, ಮೊದಲೇ ಹಾಕಬೇಕು. ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಅಡವಿಲ್ಲದ ಸಾಲಕ್ಕೆ ಸಿಜಿಟಿಎಂಎಸ್‌ಇ ಅನ್ನುವ ಸರ್ಕಾರಿ ನಿಧಿಯ ಗ್ಯಾರಂಟಿ ಉಂಟು. ಮಷಿನ್ ಮೇಲೆ ಕೊಟ್ಟ ಶೇ 18 ಜಿಎಸ್‌ಟಿ ವಾಪಸು ಸಿಗುತ್ತದಲ್ಲ ಅಂತ ಡೀಲರ್ ಹೇಳುತ್ತಾರೆ. ಸರಿ, ಆದರೆ ನೀವು ವಸೂಲಿ ಮಾಡುವ ತೆರಿಗೆಯಲ್ಲಿ ಹೊಂದಿಸಿಕೊಳ್ಳುತ್ತಾ ಹೋಗಬೇಕು. 22 ಲಕ್ಷಕ್ಕೆ 3.96 ಲಕ್ಷ ತೆರಿಗೆ. ಸಣ್ಣ ವಹಿವಾಟಿನಲ್ಲಿ ಅದು ಕರಗಲು ತುಂಬಾ ಸಮಯ ಬೇಕು. ಅಲ್ಲಿಯವರೆಗೆ ಅದು ನಿಮ್ಮ ಸಿಕ್ಕಿಬಿದ್ದ ದುಡ್ಡು.

ಪಾಲುದಾರಿಕೆ ವಿಷಯದಲ್ಲಿ ಒಂದೇ ಮಾತು. ಭಾವನೇ ಆಗಲಿ, ಬಾಲ್ಯದ ಸ್ನೇಹಿತನೇ ಆಗಲಿ, ಪತ್ರ ಬರೆದು ನೋಂದಣಿ ಮಾಡಿ. ನೋಂದಣಿಯಾಗದ ಪಾಲುದಾರಿಕೆ ಸಂಸ್ಥೆ ಬಾಕಿ ವಸೂಲಿಗೆ ಕೋರ್ಟಿನಲ್ಲಿ ದಾವೆ ಹಾಕಲು ಆಗುವುದಿಲ್ಲ. ಸಾಮಾನ್ಯ ಪಾಲುದಾರಿಕೆಯಲ್ಲಿ ಸಂಸ್ಥೆಯ ಸಾಲ ನಿಮ್ಮ ಮನೆಯ ತನಕ ಬರುತ್ತದೆ. ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಆದರೆ ನೀವು ಬೇರೆ ಜಾಮೀನು ಕೊಡದಿದ್ದರೆ ಹಾಕಿದ ಬಂಡವಾಳದವರೆಗೆ. ದುಬೈಯಲ್ಲಿ ಕೂತು ದುಡ್ಡು ಮಾತ್ರ ಹಾಕುವವರು ಇದನ್ನು ಎರಡು ಸಲ ಓದಿ.

ಹೆಜ್ಜೆ 7: ಬಿಲ್ಲು ಬರುವ ದಿನ

ಗಂಟೆಯಲ್ಲಿ ಗಳಿಸಿದ್ದನ್ನು ದಿನಗಳಲ್ಲಿ ಕಳೆಯುತ್ತೇವೆ. ಒಂದು ಕಂಪನಿಗೆ 1.8 ಲಕ್ಷದ ಕೆಲಸ ಮಾಡಿ 7 ತಿಂಗಳು ತಿರುಗಿದ್ದೇನೆ. ಪ್ರತಿ ಸಲ ಅದೇ ಮಾತು: "ಬಿಲ್ ಪಾಸ್ ಆಗಿದೆ, ಸೋಮವಾರ ಬರ್ತದೆ." ಯಾವ ಸೋಮವಾರ ಅಂತ ಹೇಳುತ್ತಿರಲಿಲ್ಲ.

ಕಾನೂನು ನಮ್ಮ ಪರವೇ ಉಂಟು. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಲಿಖಿತ ಒಪ್ಪಂದ ಇದ್ದರೂ ದುಡ್ಡು ಕೊಡಲು 45 ದಿನ ಮೀರುವಂತಿಲ್ಲ, ಇಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಂದ್ರ ಸರ್ಕಾರದ ಎಂಎಸ್‌ಎಂಇ ಪೋರ್ಟಲ್‌ನಲ್ಲಿ ದೂರು ಹಾಕಬಹುದು. ಜೊತೆಗೆ ಸೂಕ್ಷ್ಮ, ಸಣ್ಣ ಉದ್ಯಮಕ್ಕೆ ಈ ಗಡುವಿನೊಳಗೆ ಕೊಡದೆ ಬಾಕಿ ಉಳಿಸಿದ ದುಡ್ಡನ್ನು ಖರೀದಿದಾರರು ಕೊಡುವ ತನಕ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವಂತಿಲ್ಲ. ಈ ನಿಯಮ ಬಂದ ಮೇಲೆ ಮಾರ್ಚ್ ತಿಂಗಳಲ್ಲಿ ಅಕೌಂಟ್ಸ್‌ನವರೇ ಫೋನ್ ಮಾಡುವುದು ಶುರುವಾಗಿದೆ. ಬಿಲ್ಲಿನ ಮೇಲೆ ಉದ್ಯಮ್ ನಂಬರ್ ದಪ್ಪಕ್ಷರದಲ್ಲಿ ಹಾಕಿ. ಕೆಲಸ ಒಪ್ಪಿಕೊಳ್ಳುವ ಮೊದಲೇ ನೋಂದಣಿ ಮಾಡಿಕೊಳ್ಳಿ, ನಂತರ ಮಾಡಿದರೆ ಆ ಬಿಲ್ಲಿಗೆ ತಕರಾರು ಬರಬಹುದು. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿ ಆದರೆ ಟ್ರೆಡ್ಸ್‌ನಲ್ಲಿ (ಬಿಲ್ಲಿನ ಮೇಲೆ ಬ್ಯಾಂಕುಗಳು ಮೊದಲೇ ದುಡ್ಡು ಕೊಡುವ ಆನ್‌ಲೈನ್ ವೇದಿಕೆ) ಬಿಲ್ ಹಾಕಲು ಕೇಳಿ. ಅವರು ಅಲ್ಲಿ ಒಪ್ಪಿದರೆ ಸಣ್ಣ ಬಡ್ಡಿ ಕಳೆದು ಬೇಗ ದುಡ್ಡು ಸಿಗುತ್ತದೆ.

ಆದರೂ, ಇರುವ ಒಬ್ಬನೇ ಗಿರಾಕಿಯ ಮೇಲೆ ದೂರು ಹಾಕುವ ಧೈರ್ಯ ಯಾರಿಗಿದೆ? ಹಾಗಾಗಿ ಯಾವ ಕಂಪನಿಯೂ ನಿಮ್ಮ ವಹಿವಾಟಿನ ಮೂರನೇ ಒಂದು ಪಾಲಿಗಿಂತ ಜಾಸ್ತಿ ಆಗದಂತೆ ನೋಡಿಕೊಳ್ಳಿ. ಬೋಟ್, ತೋಟದ ಕೆಲಸದಲ್ಲಿ ಜಾಬ್ ಎತ್ತುವಾಗಲೇ ಲೆಕ್ಕ ಮುಗಿಸಿ. ಮೂರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಇಲ್ಲದೆ ಶಟರ್ ಎತ್ತಬೇಡಿ.

ಹೆಜ್ಜೆ 8: ಜನ

ಒಬ್ಬ ಒಳ್ಳೆಯ ಟರ್ನರ್ (ಲೇತ್ ನಡೆಸುವವನು) ಸಿಗುವುದು ಮಷಿನ್ ಸಿಗುವುದಕ್ಕಿಂತ ಕಷ್ಟ. ಇಲ್ಲಿ ಕಲಿತವರು ಗಲ್ಫ್‌ಗೆ ಹೋಗುತ್ತಾರೆ, ನಾನೂ ಹೋದವನೇ. ಬೈಕಂಪಾಡಿಯ ಜಿಟಿಟಿಸಿ ತರಬೇತಿ ಕೇಂದ್ರ, ಕದ್ರಿಯ ಐಟಿಐ, ಕೆಪಿಟಿ ಪಾಲಿಟೆಕ್ನಿಕ್‌ನಿಂದ ಅಪ್ರೆಂಟಿಸ್ ತಗೊಳ್ಳಿ, ಜೊತೆಗೆ ರಿಟೈರ್ ಆದ ಒಬ್ಬ ಮೇಸ್ತ್ರಿಯನ್ನು ಅರ್ಧ ದಿನಕ್ಕಾದರೂ ಇಟ್ಟುಕೊಳ್ಳಿ. ಹುಡುಗರಿಗೆ ಡ್ರಾಯಿಂಗ್ ಓದಲು ಬರುತ್ತದೆ, ಮೇಸ್ತ್ರಿಗೆ ಶಬ್ದ ಕೇಳಿಯೇ ಟೂಲ್ ಮೊಂಡಾದದ್ದು ಗೊತ್ತಾಗುತ್ತದೆ.

ಯಾವಾಗ ಶುರು ಮಾಡಬೇಕು

ಅಕ್ಟೋಬರ್‌ನಲ್ಲಿ ತಿರುಗಾಟ, ನವೆಂಬರ್‌ನಲ್ಲಿ ಸಾಲದ ಅರ್ಜಿ ಮತ್ತು ಪಾಲುದಾರಿಕೆ ಪತ್ರ. ಸಾಲ ಮಂಜೂರಾಗುವ ತನಕ ಮಷಿನ್ ಅಡ್ವಾನ್ಸ್ ಬೇಡ. ಜನವರಿಯಲ್ಲಿ ಶೆಡ್, ಫೆಬ್ರವರಿಯಲ್ಲಿ ಕರೆಂಟಿಗೆ ಮೆಸ್ಕಾಂ ಅರ್ಜಿ ಮತ್ತು ಲೇತಿನ ಫೌಂಡೇಶನ್. ಕಾಂಕ್ರೀಟ್ ಪೂರ್ತಿ ಗಟ್ಟಿಯಾಗಲು 28 ದಿನ ಬೇಕು. ಅವಸರದಲ್ಲಿ ಹತ್ತೇ ದಿನಕ್ಕೆ ಮಷಿನ್ ಕೂರಿಸಿದರೆ ಮಳೆಗಾಲದಲ್ಲಿ ಲೆವೆಲ್ ತಪ್ಪುತ್ತದೆ. ಏಪ್ರಿಲ್‌ನಲ್ಲಿ ಲೆವೆಲ್ ಮಾಡಿ ಟೆಸ್ಟ್ ಜಾಬ್ ಹೊಡೆಯಿರಿ. ಮೇ ತಿಂಗಳು ಪೂರ್ತಿ ಸಂಜೆ ಹೊತ್ತು ಧಕ್ಕೆಯಲ್ಲಿ ನಿಂತು ಬೋಟ್ ಮಾಲೀಕರಿಗೆ ನಂಬರ್ ಕೊಟ್ಟು ಬನ್ನಿ. ಜೂನ್ 1ಕ್ಕೆ ಬೋಟ್‌ಗಳೆಲ್ಲ ನಿಲ್ಲುತ್ತವೆ. ಮೊದಲ ಶಾಫ್ಟ್ 3ನೇ ತಾರೀಕಿನೊಳಗೆ ಟೆಂಪೋದಲ್ಲಿ ಬರುತ್ತದೆ.